ನೂರೆಂಟನೆಯ ಪ್ರತಿ

ಅನಿರುದ್ಧನ ಅರ್ಜಿ ಇಂಗ್ಲಿಷಿನ ಮೂರೇ ಸಾಲು: ಅಕ್ಷರ ಜೋಡಿಸಿ ಬರೆಯಲಾಗದ ತೊಂದರೆ ನನಗಿದೆ, ನಾಳೆಯ ಪರೀಕ್ಷೆಯಲ್ಲಿ ನಾನು ಹೇಳಿದ್ದನ್ನು ಬರೆಯಲು ಒಬ್ಬರನ್ನು ಕೊಡಿ. ಡಾಕ್ಟರ ಸರ್ಟಿಫಿಕೇಟೂ ಜೊತೆಗಿತ್ತು. ಆದರೆ ಅರ್ಜಿಯನ್ನು ಸ್ವಹಸ್ತದಲ್ಲೇ ಬರೆಯಬೇಕೆಂಬುದು ಕಾಲೇಜಿನ ನಿಯಮ.

ಗುಮಾಸ್ತ ಪಂಡ್ಯಾ ಅದನ್ನು ತಿರುಗಿಸಿಯೂ ನೋಡಿದ. ಅಕ್ಷರಗಳು ಮದುವೆಮನೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಹಾಗೆ ಚೆಲ್ಲಾಡಿದ್ದವು.

"ಬೇಟಾ, ಓದೋಕಾಗದ ಅರ್ಜಿ ತಗೊಳ್ಳೋ ಹಾಗಿಲ್ಲ. ಐದು ಗಂಟೆಯೊಳಗೆ ನೀಟಾಗಿ ಬರ್ಕೊಂಡು ಬಾ."

ಕಳೆದ ಚೈತ್ರದವರೆಗೆ ತಾಯಿ ಕಮಲಾಕ್ಷಿ ಪಾಠಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಈಗ ಅವಳಿಲ್ಲ. ಉತ್ತರಗಳೆಲ್ಲ ಅವಳ ದನಿಯಲ್ಲೇ ಅವನ ತಲೆಯಲ್ಲಿದ್ದವು. ಕೈಗೆ ಇಳಿಯುತ್ತಿರಲಿಲ್ಲ, ಅಷ್ಟೆ.

ಫತೇಗಂಜ್ ಬಡಾವಣೆಯ ತನ್ನ ಮನೆಯ ಮೆಟ್ಟಿಲಲ್ಲಿ ಎದುರುಮನೆಯ ರಮಾಮಣಿ ಸಿಕ್ಕರು. ಏಳು ವರ್ಷದಿಂದ ರಾಮಕೋಟಿ ಬರೆಯುತ್ತಿದ್ದವರು.

"ಆಂಟಿ, ನೀವೇ ಬರ್ದುಕೊಡಿ."

"ನಿನ್ನ ಕೈಬರಹ ಅಂತ ನಾನು ಬರೆಯೋದಾ? ರಾಮ ಮೆಚ್ತಾನೇನೋ? ಕೂತ್ಕೊ. ನೂರೆಂಟು ಸಲ ಬರಿ, ತಾನಾಗೇ ಕೈಗೆ ಕೂರುತ್ತೆ."

ಅವರೇ ಮೇಲ್ಪಂಕ್ತಿ ಹಾಕಿಕೊಟ್ಟರು. ಮಹಡಿಯಿಂದ ಬ್ಯಾಂಕಿನ ನಿವೃತ್ತ ಅಧಿಕಾರಿ ರಾಮಕೃಷ್ಣರಾಯರೂ ಇಳಿದು ಬಂದರು.

"ನಮ್ಮ ಕಾಲದಲ್ಲಿ ಇದಕ್ಕೆ ಸೋಮಾರಿತನ ಅಂತಿದ್ರು. ಡಾಕ್ಟರ್ ಬೇಕಿರ್ಲಿಲ್ಲ."

"ನಿಮ್ಮ ಸಹಿ ನಿಮಗೇ ಓದೋಕಾಗಲ್ಲ, ಸುಮ್ನಿರಿ ರಾಯರೇ!" ಎಂದರು ರಮಾಮಣಿ.

ಐವತ್ತಕ್ಕೆ ಬೆರಳು ಊದಿತು. ಎಂಬತ್ತಕ್ಕೆ ಅಕ್ಷರಗಳು ಸಾಲಿಗೆ ಬಂದವು. ಅವನು ಬರೆಯುತ್ತಿರಲಿಲ್ಲ, ರಂಗೋಲಿಯ ಎಳೆಗಳಂತೆ ಕೈ ತಾನೇ ಎಳೆಯುತ್ತಿತ್ತು. ನೂರೆಂಟನೆಯದು ಅಚ್ಚೊತ್ತಿದಂತೆ ಬಂತು. ರಮಾಮಣಿ ಅದರ ಮೂಲೆಗೆ ಕುಂಕುಮ ಹಚ್ಚಿ ಕಳಿಸಿದರು.

ಐದಕ್ಕೆ ಹತ್ತು ನಿಮಿಷವಿತ್ತು. ಪಂಡ್ಯಾನ ಕಣ್ಣರಳಿತು.

"ಅರೇ ವಾಹ್, ಮುತ್ತು ಪೋಣಿಸಿದ ಹಾಗಿದೆ! ಇಷ್ಟು ಚೆನ್ನಾಗಿ ಬರೆಯೋನಿಗೆ ಬರೆದುಕೊಡೋರು ಯಾಕೆ?"

"ಸರ್, ಬೆಳಿಗ್ಗೆ ಕೊಟ್ಟಿದ್ದು ನೋಡಿದ್ರಲ್ಲ?"

"ಅದನ್ನ ನಾನು ತಗೊಂಡೇ ಇಲ್ಲವಲ್ಲ" ಎಂದು ಪಂಡ್ಯಾ ‘ತಿರಸ್ಕೃತ’ ಎಂಬ ಮುದ್ರೆ ಒತ್ತಿದ.

ಮರುದಿನ ಪರೀಕ್ಷೆಯ ಮೊದಲ ಪ್ರಶ್ನೆಗೇ ತಾಯಿಯ ದನಿ ಸ್ಪಷ್ಟವಾಗಿ ಉತ್ತರ ಹೇಳಿತು. ಕೈ ಕೇಳಲಿಲ್ಲ. ಮೂರು ಗಂಟೆ ಅದು ತನಗೆ ಗೊತ್ತಿದ್ದುದನ್ನೇ ಬರೆಯಿತು: ಅದೇ ಮೂರು ಸಾಲು, ಮುತ್ತಿನಂತೆ, ಪುಟದ ಮೇಲೆ ಪುಟ.

ಮೌಲ್ಯಮಾಪಕರು ಮರುಗುವ ಮನಸ್ಸಿನವರು. ಸೊನ್ನೆ ಹಾಕಿ, ಉತ್ತರಪತ್ರಿಕೆಯನ್ನು ಅರ್ಜಿಯೆಂದೇ ಪರಿಗಣಿಸಿರೆಂದು ಕಚೇರಿಗೆ ಕಳಿಸಿದರು.

ಹದಿನೈದು ದಿನಕ್ಕೆ ಪಂಡ್ಯಾನ ಉತ್ತರ ಮನೆಗೆ ಬಂತು. ರಮಾಮಣಿ ಓದಿ ಹೇಳಿದರು: "ಅರ್ಜಿ ಒಂದು ದಿನ ತಡವಾಗಿ ಬಂದಿದೆ."