ಒದ್ದೆಯಾಗದ ಜಾಗ

ಮಳೆಗಾಲ ಹಳತಾಗಿತ್ತು. ಮೊದಲ ಮಳೆಗೆ ಕೊಂಡ ಹೊಸ ಕೊಡೆಗಳೆಲ್ಲ ಕಡ್ಡಿ ಮುರಿದುಕೊಂಡು, ಬಟ್ಟೆ ಹರಿದುಕೊಂಡು, ಪೆಟ್ಟು ತಿಂದ ಕಾಗೆಗಳ ಹಾಗೆ ಕೊಡೆಯಣ್ಣನ ಮುಂದೆ ಬಂದು ಬೀಳುವ ಕಾಲ. ವರ್ಷದ ಅನ್ನವನ್ನು ಅವನು ಈ ಕೆಲವು ತಿಂಗಳಲ್ಲೇ ದುಡಿದುಕೊಳ್ಳಬೇಕು. ಬಿಸಿಲು ಬಂದ ಮೇಲೆ ಕೊಡೆಯೇ ಯಾರಿಗೂ ನೆನಪಿರುವುದಿಲ್ಲ, ಇನ್ನು ಕೊಡೆ ರಿಪೇರಿಯವನು ಯಾರಿಗೆ ನೆನಪಾಗಬೇಕು?

ನೂಲಿನ ಮಿಲ್ಲಿನ ದೊಡ್ಡ ಗೇಟಿನ ಎಡಗಡೆಯ ಗೋಡೆಯಲ್ಲಿ ಹಿಂದೆಂದೋ ಒಂದು ಬಾಗಿಲಿತ್ತು. ಅದನ್ನು ಇಟ್ಟಿಗೆ ಇಟ್ಟು ಮುಚ್ಚಿದವರು ಮೇಲೆ ಚಾಚಿದ್ದ ಸಜ್ಜವನ್ನು ಕೆಡವುವುದಕ್ಕೆ ಸೋಮಾರಿತನ ಮಾಡಿ ಹಾಗೇ ಬಿಟ್ಟಿದ್ದರು. ಆ ಸೋಮಾರಿತನದ ಕೆಳಗೆ ಗೋಣಿ ಹಾಸಿಕೊಂಡು ಕೂತೇ ಕೊಡೆಯಣ್ಣನ ಕೂದಲು ನೆರೆತಿತ್ತು. ಕೆಲಸಕ್ಕೆ ಹೋಗುವವರು ಕೆಟ್ಟ ಕೊಡೆಯನ್ನು ಅವನ ಮುಂದೆ ಎಸೆದು ಒಳಗೆ ಹೋಗುತ್ತಿದ್ದರು. ಪಾಳಿ ಮುಗಿಸಿ ಬರುವಾಗ ನೆಟ್ಟಗಾದದ್ದನ್ನು ಬಿಚ್ಚಿ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು. ಗೇಟು ಕಾಣದ ಕಡೆ ಕೂತರೆ ಈ ವ್ಯಾಪಾರ ನಡೆಯುವುದಿಲ್ಲ. ಕೊಡೆ ರಿಪೇರಿಗೆಂದೇ ಊರು ಸುತ್ತಿ ಬರುವ ಮನುಷ್ಯ ಇನ್ನೂ ಹುಟ್ಟಿಲ್ಲ.

ಈಗ ಮಿಲ್ಲಿನಲ್ಲಿ ಮುಷ್ಕರ. ಕೂಲಿ ಕಡಿತ ಮಾಡಿದ್ದಕ್ಕೆ ಹೊರಗೆ ಬಂದ ಕಾರ್ಮಿಕರು ಗೇಟಿಗೆ ಅಡ್ಡಲಾಗಿ ಮಳೆಯಲ್ಲೇ ನಿಂತಿದ್ದರು. ಬದಲಿಗೆ ಬಂದ ಕೆಲಸಗಾರರು ತಲೆ ತಗ್ಗಿಸಿ ಅವರ ನಡುವೆ ನುಗ್ಗುತ್ತಿದ್ದರು. ತಳ್ಳಾಟದಲ್ಲಿ ಎರಡು ಕಡೆಯ ಕೊಡೆಗಳೂ ತಾರತಮ್ಯವಿಲ್ಲದೆ ಮುರಿಯುತ್ತಿದ್ದವು. ಹಸಿದವರ ಮುಖ ನೋಡಿ ಕೊಡೆಯಣ್ಣನಿಗೆ ಸಂಕಟವಾಗುತ್ತಿತ್ತು. ಕೈ ಮಾತ್ರ ಕಡ್ಡಿ ಕಟ್ಟುತ್ತಲೇ ಇತ್ತು.

ಆ ದಿನ ಬೆಳಿಗ್ಗೆ ಮಿಲ್ಲಿನ ಗುಮಾಸ್ತ ಬಂದು ನಿಂತ. ಕೊಡೆಯಣ್ಣನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ.

"ಕೊಡೆಯಣ್ಣ, ಗಂಟು ಮೂಟೆ ಕಟ್ಟೋಕೆ ಶುರು ಮಾಡು."

"ಯಾಕೆ ಗುಮಾಸ್ತ್ರೇ, ಬೆಳಿಗ್ಗೆ ಬೆಳಿಗ್ಗೆ ಶುಭ ನುಡೀತಿದ್ದೀರಿ?"

"ನಗರಸಭೆಯಲ್ಲಿ ಇವತ್ತು ಮಧ್ಯಾಹ್ನ ಧರಣಿ ಕಾನೂನಿನ ಚರ್ಚೆ. ಗೇಟಿಂದ ಐವತ್ತು ಹೆಜ್ಜೆ ಒಳಗೆ ಯಾರೂ ನಿಲ್ಲೋ ಹಾಗಿಲ್ಲ, ಕೂರೋ ಹಾಗಿಲ್ಲ."

"ಅದು ಧರಣಿಯವರಿಗಲ್ವಾ?"

"ಯಾರೂ ಅಂತ ಬರೆದಿದ್ದಾರೆ. ನಿನ್ನೊಬ್ಬನ್ನ ಬಿಟ್ಟು ಅಂತ ಬರೆಯೋಕೆ ನೀನೇನು ಮಂತ್ರಿ ಅಳಿಯನಾ?"

ಕೊಡೆಯಣ್ಣ ಸೂಜಿ ಕೆಳಗಿಟ್ಟು ರಸ್ತೆಯ ಕಡೆ ನೋಡಿದ. ಐವತ್ತು ಹೆಜ್ಜೆ ಆಚೆ ಇದ್ದದ್ದು ತುಂಬಿ ಹರಿಯುವ ಚರಂಡಿ, ಅದರ ಪಕ್ಕದಲ್ಲಿ ಮೈಯೆಲ್ಲ ನೆನೆದು ನಿಂತ ಒಂದು ಹಂದಿ.

"ಒಂದು ದಾರಿ ಇದೆ. ಸಭೆಗೆ ಬಂದು, ಧರಣಿಯವರ ಗಲಾಟೇಲಿ ನನ್ನ ಕೆಲಸ ಕೆಡ್ತಿದೆ ಅಂತ ಹೇಳು. ಮಿಲ್ಲಿನವರು ನಿನ್ನ ಕೈ ಬಿಡಲ್ಲ," ಎಂದು ಗುಮಾಸ್ತ ಒಳಗೆ ಹೋದ.

ಅವನ ಬೆನ್ನು ಮರೆಯಾಗುವುದಕ್ಕೂ ಗುಂಪಿನಿಂದ ಬಾಮೈದ ಓಡಿ ಬರುವುದಕ್ಕೂ ಸರಿಹೋಯಿತು. ಹೆಂಡತಿಯ ತಮ್ಮ, ಮಿಲ್ಲಿನಲ್ಲಿ ನೂಲಿನ ಯಂತ್ರ ಓಡಿಸುತ್ತಿದ್ದವನು.

"ಏನಂದ ಭಾವ ಆ ಗೋಡೆ ಪಕ್ಕದ ಹಲ್ಲಿ?"

ಕೊಡೆಯಣ್ಣ ಇದ್ದದ್ದು ಇದ್ದ ಹಾಗೆ ಹೇಳಿದ.

"ನೀವು ನಮ್ಮ ಪರ ಮಾತಾಡ್ಬೇಕು. ಇವರಿಂದ ನಂಗೇನೂ ತೊಂದರೆ ಇಲ್ಲ ಅನ್ನಿ. ಅಷ್ಟು ದೂರದಿಂದ ನಾವು ಯಾರ ಹತ್ರ ನ್ಯಾಯ ಕೇಳೋದು, ಹಂದಿ ಹತ್ರಾನಾ? ಅವನ ಪರ ಏನಾದ್ರೂ ಬಾಯಿ ಬಿಟ್ರೆ, ಅಕ್ಕನ ಮನೆ ಹೊಸಿಲು ತುಳಿಯಲ್ಲ ನೋಡಿ."

"ದಿನಾ ಮಧ್ಯಾಹ್ನ ಊಟಕ್ಕೆ ತುಳೀತಿದ್ದೀಯಲ್ಲಪ್ಪ."

"ಊಟದ ಮಾತು ಬೇರೆ," ಎಂದ ಬಾಮೈದ. ಆಮೇಲೆ ತಲೆ ತಗ್ಗಿಸಿದ. ಆ ಊಟದಲ್ಲಿ ಅರ್ಧವನ್ನು ಅವನು ಮಕ್ಕಳಿಗೆಂದು ಕಟ್ಟಿಕೊಂಡು ಹೋಗುತ್ತಿದ್ದನೆಂಬುದು ಇಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನ ಮನೆಯಲ್ಲಿ ತಟ್ಟೆಯ ಮುಂದೆ ಕೂತು ಕೊಡೆಯಣ್ಣ ಹೆಂಡತಿಗೆ ಎಲ್ಲವನ್ನೂ ಒಪ್ಪಿಸಿದ. ಸೂರು ಸೋರುವಲ್ಲಿ ಇಟ್ಟಿದ್ದ ಪಾತ್ರೆಯ ನೀರನ್ನು ಅವಳು ಹೊರಗೆ ಚೆಲ್ಲಿ ಬಂದಳು.

"ಆ ಕಡೆ ಮಾತಾಡಿದ್ರೆ ನನ್ನ ತಮ್ಮ ಅಳ್ತಾನೆ. ಈ ಕಡೆ ಮಾತಾಡಿದ್ರೆ ಗುಮಾಸ್ತನ ಹೆಂಡ್ತಿ ಗೋಡೆ ಆಚೆಯಿಂದ ರಾಗ ತೆಗೀತಾಳೆ. ಕೇಳಿಸ್ಕೊಳ್ಳೋಳು ಯಾರು? ನಾನು! ಸುಮ್ನೆ ಬಾಯಿ ಮುಚ್ಕೊಂಡಿರಿ."

"ಸುಮ್ನಿದ್ರೆ ಜಾಗ ಹೋಗುತ್ತಲ್ಲೇ."

ಅವಳು ಪಾತ್ರೆಯನ್ನು ಮತ್ತೆ ಸೋರುವಲ್ಲಿ ಇಟ್ಟು ಯೋಚಿಸಿದಳು. "ಹಾಗಾದ್ರೆ ಜಾಗದ ವಿಷಯ ಮಾತ್ರ ಮಾತಾಡಿ. ಯಾರನ್ನೂ ಬೈಬೇಡಿ, ಹೊಗಳಬೇಡಿ. ಹೊಗಳೋದೇ ಆದ್ರೆ ನಿಮ್ಮ ಜಾಗ ಹೊಗಳಿ. ಅದಕ್ಕೆ ಯಾರು ಹೊಟ್ಟೆ ಉರ್ಕೋತಾರೆ?"

ಮದುವೆಯಾದಂದಿನಿಂದ ಅವಳು ಹೇಳಿದ್ದು ತಪ್ಪಾದದ್ದಿಲ್ಲ. ಕೊಡೆಯಣ್ಣ ದಾರಿಯುದ್ದಕ್ಕೂ ಜಾಗವನ್ನು ಹೊಗಳುವ ಅಭ್ಯಾಸ ಮಾಡುತ್ತ ನಡೆದ. ಎದುರಿಗೆ ಬಂದವರು ಪಾಪ ಎಂದು ಪಕ್ಕಕ್ಕೆ ಸರಿದರು.

ನಗರಸಭೆಯ ಸಭಾಂಗಣದಲ್ಲಿ ಎಡಗಡೆ ಮಿಲ್ಲಿನವರು, ಬಲಗಡೆ ಕಾರ್ಮಿಕರು. ನಡುವಿನ ದಾರಿಯಲ್ಲಿ ಕೊಡೆಯಣ್ಣ, ಎರಡು ಎತ್ತಿನ ನಡುವೆ ಸಿಕ್ಕಿದ ನೊಗದ ಹಾಗೆ ನಿಂತ. ಗೇಟು ತಡೆದರೆ ಲಾರಿ ಹೇಗೆ ತಿರುಗಬೇಕು ಎಂದು ಒಂದು ಕಡೆಯವರು ಕೂಗಿದರು. ಲಾರಿಗಿರುವ ಮರ್ಯಾದೆ ಮನುಷ್ಯನಿಗಿಲ್ಲವೇ ಎಂದು ಇನ್ನೊಂದು ಕಡೆಯವರು ಕೂಗಿದರು. ನಿವೃತ್ತ ಮೇಷ್ಟ್ರೊಬ್ಬರು ಎದ್ದು ತಮ್ಮ ಬೀದಿಯ ಸೊಳ್ಳೆಗಳ ಬಗ್ಗೆ ದೀರ್ಘವಾಗಿ ಮಾತಾಡಿದರು. ಆ ಮಧ್ಯಾಹ್ನ ಯಾರೂ ವಿರೋಧಿಸದ ಮಾತು ಅದೊಂದೇ.

ಕೊನೆಗೆ ಜವಾನ ಕೂಗಿದ: "ಮಿಲ್ಲಿನ ಪರ, ಕೊಡೆ ರಿಪೇರಿ!" ಕೈಯಲ್ಲಿದ್ದ ಹಾಳೆಯನ್ನು ಇನ್ನಷ್ಟು ಹತ್ತಿರ ಹಿಡಿದು ಮತ್ತೆ ಕೂಗಿದ: "ಕಾರ್ಮಿಕರ ಪರ, ಕೊಡೆ ರಿಪೇರಿ!"

ಗುಮಾಸ್ತನೂ ಬಾಮೈದನೂ ಒಬ್ಬರಿಗೆ ತಿಳಿಯದಂತೆ ಒಬ್ಬರು ಕೊಡೆಯಣ್ಣನ ಹೆಸರು ಬರೆಸಿಬಿಟ್ಟಿದ್ದರು.

"ನೀವು ಇಬ್ಬರಿದ್ದೀರಾ?" ಎಂದು ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡರು.

"ಒಬ್ಬನೇ ತಾಯಿ."

"ಹಾಗಾದ್ರೆ ಯಾರ ಪರ?"

"ಜಾಗದ ಪರ."

ಸಭೆಯೆಲ್ಲ ನಕ್ಕಿತು. ಆದರೆ ಕೊಡೆಯಣ್ಣ ಬಾಯಿ ತೆರೆದ ಮೇಲೆ ಇಷ್ಟು ವರ್ಷ ಕೂತ ಜಾಗವೇ ಅವನೊಳಗಿಂದ ಮಾತಾಡಿತು. ಹೊಟ್ಟೆಪಾಡಿನ ಮಾತಿಗೆ ವ್ಯಾಕರಣ ಬೇಡ.

"ಗೇಟಿನ ಎಡಕ್ಕೆ ಒಂದು ಸಜ್ಜ ಇದೆ ತಾಯಿ. ನೀವು ಯಾರೂ ನೋಡಿರಲ್ಲ. ಅಲ್ಲಿ ಕೂತವನಿಂದ ಯಾರಿಗೂ ಅಡ್ಡಿ ಇಲ್ಲ. ಎಷ್ಟೇ ದೊಡ್ಡ ಲಾರಿ ತಿರುಗಿದ್ರೂ ನನ್ನ ಗೋಣಿ ಅಂಚು ಮುಟ್ಟಿದ್ದಿಲ್ಲ."

ಮಿಲ್ಲಿನ ಕಡೆಯ ಗಲಾಟೆ ನಿಂತಿತು.

"ಹಾಗಂತ ಮೂಲೆ ಅಲ್ಲ. ಒಳಗೆ ಹೋಗೋರು, ಹೊರಗೆ ಬರೋರು, ಒಬ್ಬರೂ ಕಣ್ಣು ತಪ್ಪಲ್ಲ. ಮುಖ ನೋಡಿ ಮಾತಾಡಿಸಬಹುದು. ಕೂಗೋದೇ ಬೇಡ, ಮೆಲ್ಲಗೆ ಅಂದ್ರೂ ಅವರ ಕಿವಿಗೆ ಬೀಳುತ್ತೆ."

ಕಾರ್ಮಿಕರ ಕಡೆಯ ಗಲಾಟೆಯೂ ನಿಂತಿತು.

"ಎಷ್ಟು ಜನ ಹಿಡಿಸುತ್ತೆ?" ಎಂದು ಅಧ್ಯಕ್ಷೆ ಕೇಳಿದರು.

ಅಲ್ಲಿ ಅವನು ನಿಲ್ಲಿಸಬೇಕಿತ್ತು. ಆದರೆ ಹೊಗಳಿಕೆಗೆ ಇಳಿದ ನಾಲಿಗೆ ಇಳಿಜಾರಿಗೆ ಬಿಟ್ಟ ಗಾಡಿ. "ಆರು ಜನ ಆರಾಮಾಗಿ ನಿಲ್ಲಬಹುದು ತಾಯಿ! ಎಂಥಾ ಮಳೆ ಬಂದ್ರೂ ತಲೆ ಮೇಲೆ ಒಂದು ಹನಿ ಬೀಳಲ್ಲ. ಅಂಥಾ ಜಾಗ ಊರಲ್ಲಿ ಇನ್ನೊಂದಿಲ್ಲ. ಅದನ್ನ ಖಾಲಿ ಮಾಡಿಸಬೇಡಿ!"

ಗುಮಾಸ್ತ ಮತ್ತು ಬಾಮೈದ, ಮುಷ್ಕರ ಶುರುವಾದ ಮೇಲೆ ಮೊದಲ ಸಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎರಡು ಕಡೆಯವರೂ ಚಪ್ಪಾಳೆ ತಟ್ಟಿದರು. ಹುಟ್ಟಿದಂದಿನಿಂದ ಯಾರಿಂದಲೂ ಚಪ್ಪಾಳೆ ಕಾಣದ ಕೊಡೆಯಣ್ಣ ಹೆಗಲ ಮೇಲಿನ ಬಟ್ಟೆಯಿಂದ ಕಣ್ಣೊರೆಸಿಕೊಂಡ.

ಸದಸ್ಯರು ತಲೆಗೆ ತಲೆ ಸೇರಿಸಿ ಪಿಸುಗುಟ್ಟಿದರು. ಅಧ್ಯಕ್ಷೆ ಎದ್ದು ಓದಿದರು: ಐವತ್ತು ಹೆಜ್ಜೆಯ ನಿಯಮವನ್ನು ಕೈಬಿಡಲಾಗಿದೆ. ಕೊಡೆಯಣ್ಣ ಕೈ ಮುಗಿದ. ಅವರು ಮುಂದೆ ಓದಿದರು: ಗೇಟನ್ನು ಯಾರೂ ಅಡ್ಡಗಟ್ಟತಕ್ಕದ್ದಲ್ಲ. ಧರಣಿ ಮಾಡುವ ಕಾರ್ಮಿಕರು ಎಡಗಡೆಯ ಸಜ್ಜದ ಕೆಳಗೆ, ಒಂದು ಸಲಕ್ಕೆ ಆರು ಜನ ಮೀರದಂತೆ ನಿಲ್ಲತಕ್ಕದ್ದು. ಸದರಿ ಜಾಗವನ್ನು ಬೇರಾರೂ ಬಳಸತಕ್ಕದ್ದಲ್ಲ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಗಿದೆ.

"ತಾಯಿ, ಅದು ನನ್ನ ಜಾಗ!"

"ನೀವೇ ತೋರಿಸಿಕೊಟ್ರಲ್ಲ! ಇಷ್ಟು ದಿನದಿಂದ ಯಾರಿಗೂ ಹೊಳೆದಿರಲಿಲ್ಲ ನೋಡಿ. ಈ ಊರು ನಿಮ್ಮ ಋಣದಲ್ಲಿದೆ."

ಕೊಡೆಯಣ್ಣ ಮುಳುಗುವವನು ಹುಲ್ಲು ಹಿಡಿದಂತೆ ಕೇಳಿದ, "ನಾನೂ ಮುಷ್ಕರ ಮಾಡಿದ್ರೆ ಅಲ್ಲಿ ಕೂರಬಹುದಾ?"

"ಮಾಡಬಹುದು. ನಿಮ್ಮ ಯಜಮಾನ ಯಾರು?"

"ನಾನೇ."

"ಹಾಗಾದ್ರೆ ನಿಮ್ಮ ಮನೆ ಬಾಗಿಲಲ್ಲಿ ಧರಣಿ ಕೂರಬೇಕಾಗುತ್ತೆ," ಎಂದು ಅಧ್ಯಕ್ಷೆ ಗಂಭೀರವಾಗಿ ಹೇಳಿ, ಮೇಷ್ಟ್ರ ಸೊಳ್ಳೆಗಳನ್ನು ಕೈಗೆತ್ತಿಕೊಂಡರು.

ರಸ್ತೆಯ ಗುಂಡಿಯೊಂದನ್ನು ಮುಚ್ಚಲು ಒಂದು ತಲೆಮಾರು ತೆಗೆದುಕೊಳ್ಳುವ ನಗರಸಭೆ ಅವತ್ತು ಸಂಜೆಯೊಳಗೆ ಬಣ್ಣ ಕೊಟ್ಟು ಆಳು ಕಳಿಸಿತ್ತು. ಕೊಡೆಯಣ್ಣ ಗೇಟಿನ ಬಳಿ ಬರುವಾಗ ಸಜ್ಜದ ಕೆಳಗೆ ಹಳದಿ ಗೆರೆ ಎಳೆದಾಗಿತ್ತು. ಗೆರೆಯೊಳಗೆ ಕಾರ್ಮಿಕರು ಸಾಲಾಗಿ ನಿಂತಿದ್ದರು. ಒಣಗಿದ ತಲೆ, ಮಡಿಸಿಟ್ಟ ಕೊಡೆ. ಬದಲಿ ಕೆಲಸಗಾರರು ಯಾವ ತಳ್ಳಾಟವೂ ಇಲ್ಲದೆ ಪಕ್ಕದಲ್ಲೇ ಒಳಗೆ ಹೋಗುತ್ತಿದ್ದರು. ಒಂದು ಕಡ್ಡಿಯೂ ಮುರಿಯುವ ಲಕ್ಷಣವಿರಲಿಲ್ಲ. ಗೋಣಿಯನ್ನೂ ಕೆಟ್ಟ ಕೊಡೆಗಳ ಕಟ್ಟನ್ನೂ ಯಾರೋ ಜೋಪಾನವಾಗಿ ಗೆರೆಯ ಆಚೆಗೆ, ಮಳೆಯಲ್ಲಿ ಇಟ್ಟಿದ್ದರು.

ಬಾಮೈದ ಅವನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಭಾವ, ಮಳೇಲಿ ನೆಂದು ನೆಂದು ಸಾಯ್ತಿದ್ವಿ. ನಿಮ್ಮಿಂದ ಬದುಕಿಕೊಂಡ್ವಿ. ಈ ಋಣ ಹೇಗೆ ತೀರಿಸಲಿ ಹೇಳಿ."

"ಒಂಚೂರು ಆಚೆ ಸರಿ," ಎಂದ ಕೊಡೆಯಣ್ಣ. "ಇಲ್ಲೇ ಪಕ್ಕದಲ್ಲಿ ಕೂತ್ಕೋತೀನಿ."

ಬಾಮೈದ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕೆಳಗಿನ ಹಳದಿ ಗೆರೆಯನ್ನು ನೋಡಿದ.

"ಏಳು ಜನ ಆಗ್ಬಿಡುತ್ತಲ್ಲ ಭಾವ."