ಮೂರನೇ ಮಹಡಿಯ ಪ್ರಬಲ ಪ್ರತಿಸ್ಪರ್ಧಿ

ಎಡವಟ್ಟಿಗೆಲ್ಲ ಕಾರಣ ಮೊಬೈಲಿಗೆ ಬಂದ ಸಂದೇಶವಲ್ಲ. ಅದನ್ನು ಅವನು ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಓದಿದ್ದು.

"ತಮ್ಮ ಸಂಸ್ಥೆಯನ್ನು ಕೊಳ್ಳುವ ಯೋಚನೆಯಿದೆ. ಇಂದು ಮಧ್ಯಾಹ್ನ ಕಚೇರಿ ನೋಡಲು ಬರುತ್ತೇವೆ."

ಕಳಿಸಿದ್ದು ದೊಡ್ಡ ಕಂಪನಿ. ವಿಡಿಯೋ ಗೇಮಿನ ಲೋಕದಲ್ಲಿ ಅದಕ್ಕೆ ಬೇರೆ ಹೆಸರೇ ಬೇಕಿರಲಿಲ್ಲ. ಆಟ ಆಡುವ ಯಂತ್ರ ಅದರದು, ಆಟ ಮಾರುವ ಆನ್‌ಲೈನ್ ಅಂಗಡಿ ಅದರದು, ಆಟ ಚೆನ್ನಾಗಿದೆಯೋ ಇಲ್ಲವೋ ಎಂದು ಬರೆಯುವ ಪತ್ರಿಕೆಯೂ ಅದರದೇ. ಆಡುವವರ ಬೆರಳುಗಳು ಮಾತ್ರ ಸದ್ಯಕ್ಕೆ ಅವರವರ ಹತ್ತಿರವೇ ಇದ್ದವು.

ಇವನದು ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯೇ ಕಂಪನಿ. ಸಿಬ್ಬಂದಿ ಎಂದರೆ ಇವನು ಮತ್ತು ಹೆಂಡತಿಯ ತಮ್ಮ. ಇಬ್ಬರೂ ಕಣ್ಣು ಕೆಂಪು ಮಾಡಿಕೊಂಡು ಒಂದು ಆಟ ಮಾಡಿದ್ದರು: ಒಂದು ಬಸವನಹುಳು ತೋಟದ ಗೋಡೆ ಹತ್ತುವುದು. ಜನ ಅದನ್ನು ಮೆಚ್ಚತೊಡಗಿದ ತಿಂಗಳಲ್ಲೇ ದೊಡ್ಡ ಕಂಪನಿ ತನ್ನದೇ ಒಂದು ಬಸವನಹುಳುವನ್ನು ಬಿಟ್ಟಿತು, ಅದೂ ಪುಕ್ಕಟೆ. ಆ ಹುಳು ಅಂಗಡಿಯ ಮೊದಲ ಪುಟದಲ್ಲಿ ಮೆರೆಯಿತು. ಇವನ ಹುಳು ಎಷ್ಟು ಕೆಳಕ್ಕೆ ಇಳಿಯಿತೆಂದರೆ, ಹುಡುಕಿಕೊಂಡು ಹೋದವರು ಹೆಬ್ಬೆರಳು ನೋವು ಬಂದು ಅರ್ಧದಾರಿಯಲ್ಲೇ ವಾಪಸಾಗುತ್ತಿದ್ದರು.

"ರೀ, ಇದ್ದದ್ದನ್ನ ಇದ್ದ ಹಾಗೆ ತೋರಿಸಿ," ಎಂದಳು ಹೆಂಡತಿ, ಆಸ್ಪತ್ರೆಯ ನರ್ಸ್ ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿಕೊಳ್ಳುತ್ತ. "ಮುಳುಗ್ತಾ ಇದ್ದೀವಿ, ಎತ್ಕೊಳ್ಳಿ ಅನ್ನಿ. ಕಂಪನಿ ಜೊತೆ ನಿಮಗೂ ಅಲ್ಲೊಂದು ಕೆಲಸ ಕೊಟ್ರೆ ನಾನು ಈ ಹಾಳು ಡಬಲ್ ಡ್ಯೂಟಿ ಬಿಡ್ಬಹುದು. ಜಂಬ ಕೊಚ್ಚೋಕೆ ಹೋಗ್ಬೇಡಿ."

"ನಾನ್ಯಾಕೆ ಕೊಚ್ಲಿ?" ಎಂದ ಅವನು. ನಿಜಕ್ಕೂ ಅವನಿಗೆ ಆ ಉದ್ದೇಶ ಇರಲಿಲ್ಲ. ನುಂಗಿಸಿಕೊಳ್ಳಲು ಇಷ್ಟು ಆಸೆಯಿಂದ ಕಾದ ತುತ್ತು ಇನ್ನೊಂದಿರಲಾರದು.

ಅವಳು ಮೆಟ್ಟಿಲಿಳಿದದ್ದೇ ತಡ, ಎದುರು ಮನೆಯ ಬಾಗಿಲು ತೆರೆಯಿತು. ನಿವೃತ್ತ ಮೇಷ್ಟ್ರು. ಪಾಠ ಹೇಳುವುದನ್ನು ನಿಲ್ಲಿಸಿದ ಮೇಲೆ ಅವರು ಸಲಹೆ ಕೊಡುವುದನ್ನು ಹಿಡಿದಿದ್ದರು; ಅದಕ್ಕೆ ಬೇಸಿಗೆ ರಜೆಯೂ ಇರಲಿಲ್ಲ.

"ಮುಳುಗ್ತಿದ್ದೀನಿ ಅಂದ್ರೆ ಯಾರಯ್ಯ ಕೊಳ್ತಾರೆ? ಮನೆ ಮಾರೋವಾಗ ಯಾರಾದ್ರೂ ಗಿರಾಕೀನ ಸೋರೋ ಜಾಗದಲ್ಲಿ ಕೂರಿಸ್ತಾರಾ?"

"ಮೇಷ್ಟ್ರು ಹೇಳೋದು ಸರಿ ಸಾರ್," ಎಂದು ಕೆಳಗಿನ ಮಹಡಿಯಿಂದ ಟೈಲರ್ ತಲೆ ಹೊರಹಾಕಿದ. "ಖಾಲಿ ಅಂಗಡಿಗೆ ಗಿರಾಕಿ ಕಾಲಿಡಲ್ಲ. ನಮ್ಮ ಕೆಲಸದವರನ್ನೆಲ್ಲ ಮೇಲೆ ಕಳಿಸ್ತೀನಿ. ಹೇಗೂ ಇವತ್ತು ಅಂಗಡೀಲಿ ಕರೆಂಟಿಲ್ಲ."

"ಬೇಡ, ಬೇಡ..."

"ಭಾವ, ಸುಮ್ನಿರಿ," ಎಂದ ಹೆಂಡತಿಯ ತಮ್ಮ. "ಜನ ಹೆಚ್ಚಾದಷ್ಟೂ ಬೆಲೆ ಹೆಚ್ಚು."

ಊಟದ ಹೊತ್ತಿಗೆ ಮುಂದಿನ ಕೋಣೆ ಕೊನೇ ಬಸ್ಸಿನ ಹಾಗೆ ತುಂಬಿತ್ತು. ಕಾಜಾ ಹಾಕುವ ಹೆಂಗಸು, ಆನ್ ಆಗದ ಕಂಪ್ಯೂಟರಿನ ಮುಂದೆ ಕೂತು ಗಂಭೀರವಾಗಿ ಹುಬ್ಬು ಗಂಟಿಕ್ಕಿದ್ದಳು. ಕಟಿಂಗ್ ಮಾಡುವವನು ಟಿ.ವಿ. ಪರದೆಯ ಸೊಂಟದ ಅಳತೆ ತೆಗೆಯುತ್ತಿದ್ದ. ಮೇಷ್ಟ್ರು ಕೋಟು ತೊಟ್ಟು, ತಮ್ಮನ್ನು ತಾವೇ ಸಂಶೋಧನಾ ವಿಭಾಗದ ಮುಖ್ಯಸ್ಥರನ್ನಾಗಿ ನೇಮಿಸಿಕೊಂಡಿದ್ದರು. ಒಳಗಿನ ಕೋಣೆಯಲ್ಲಿ, ಟೈಲರ್ ಅಂಗಡಿಯಿಂದ ಹೊತ್ತು ತಂದ ಎರಡು ಹೊಲಿಗೆ ಮಿಷಿನ್ನುಗಳು, ಸಮಯ ಹಾಳಾಗಬಾರದೆಂದು, ತಮ್ಮ ಪಾಡಿಗೆ ಓಡುತ್ತಿದ್ದವು.

ಬಂದವರು ಇಬ್ಬರು. ಒಬ್ಬ ದೊಡ್ಡ ಕಂಪನಿಯ ಪ್ರತಿನಿಧಿ. ಅಂಗಿಯ ಜೊತೆ ನಗುವಿಗೂ ಇಸ್ತ್ರಿ ಹಾಕಿಸಿಕೊಂಡಂತಿದ್ದ. ಅವನ ಹಿಂದೆ ದಪ್ಪ ಕನ್ನಡಕದ ಹೆಂಗಸು.

"ಇವರು ಸ್ಪರ್ಧಾ ಆಯೋಗದ ಅಧಿಕಾರಿ," ಎಂದು ಪ್ರತಿನಿಧಿ ಪರಿಚಯಿಸಿದ. ಒಂದು ಕಂಪನಿ ಇನ್ನೊಂದನ್ನು ನುಂಗುವ ಮುಂಚೆ 'ನುಂಗಬಹುದೇ' ಎಂದು ಕೇಳಬೇಕಾದ ಕಚೇರಿ ಅದು. ಅನುಮತಿ ಕೊಡುವವರೇ ಜೊತೆಯಲ್ಲಿ ಬಂದಿದ್ದಾರೆ! ಅವನಿಗೆ ಹೆಂಡತಿ ನಿಶ್ಚಿಂತೆಯಿಂದ ಮಲಗಿ ಗೊರಕೆ ಹೊಡೆಯುವುದು ಈಗಲೇ ಕೇಳಿಸಿದಂತಾಯಿತು.

"ಒಳಗೆ ಏನದು ಸದ್ದು?" ಅಧಿಕಾರಿ ಕೇಳಿದರು.

"ಟೈಪಿಂಗ್ ಮೇಡಂ," ಎಂದ ಹೆಂಡತಿಯ ತಮ್ಮ.

"ಇಷ್ಟು ಜೋರಾಗಿ?"

"ನಮ್ಮವರಿಗೆ ಹುಮ್ಮಸ್ಸು ಜಾಸ್ತಿ."

ಅವನಿಗೆ ತಡೆಯಲಾಗಲಿಲ್ಲ. "ನಿಜ ಹೇಳ್ಬೇಕಂದ್ರೆ ಮೇಡಂ, ನಾವಿರೋದು ಇಬ್ಬರೇ..."

"ಇಬ್ಬರೇ ಪಾಲುದಾರರು," ಎಂದು ಮೇಷ್ಟ್ರು ಮುಗಿಸಿದರು. "ಉಳಿದವರೆಲ್ಲ ಸಂಬಳದವರು. ಇವನಿಗೆ ವಿನಯ ಸ್ವಲ್ಪ ಜಾಸ್ತಿ."

"ಮುಂದಿನ ಆಟ ಯಾವುದು?"

"ಅದು ಗುಟ್ಟು," ಎಂದು ಮೇಷ್ಟ್ರು ಪ್ರತಿನಿಧಿಯ ಕಡೆ ಕನ್ನಡಕದ ಮೇಲಿಂದ ನೋಡಿದರು. "ಹೊರಗೆ ಬಂದ್ರೆ ಇವರು ಅಂಗಡಿ ಮುಚ್ಕೊಂಡು ಹೋಗ್ಬೇಕಾಗುತ್ತೆ!"

ಇನ್ನು ಕೆಲಸ ಕೆಟ್ಟಿತು ಎಂದುಕೊಂಡ ಅವನು. ಆದರೆ ಪ್ರತಿನಿಧಿಗೆ ಸಿಟ್ಟು ಬರಲಿಲ್ಲ. ಬದಲಿಗೆ ನಗು ಕಿವಿಯವರೆಗೆ ಹಬ್ಬಿತು. ಒಂದೊಂದು ಸುಳ್ಳಿಗೂ ಆ ನಗು ಒಂದೊಂದು ಅಂಗುಲ ಅಗಲವಾಗುತ್ತಿತ್ತು. ಬೆಲೆಯೇ ಏರುತ್ತಿದೆಯೆಂದುಕೊಂಡು ಅವನೂ ಹಲ್ಲು ಬಿಟ್ಟ.

"ಈಗ ನಂಬಿಕೆ ಬಂತಾ ಮೇಡಂ?" ಎಂದ ಪ್ರತಿನಿಧಿ.

"ಬಂತು. ನಿಮಗೆ ಎದುರಾಳಿಗಳೇ ಇಲ್ಲ ಅಂತ ದೂರು ಬಂದಿತ್ತು. ಅದು ಸುಳ್ಳು ಅಂತ ಕಣ್ಣಾರೆ ನೋಡಿದ ಹಾಗಾಯ್ತು." ಅಧಿಕಾರಿ ಅವನ ಕೈ ಕುಲುಕಿದರು. "ನಿಮ್ಮಂಥವರಿಂದಲೇ ಪೈಪೋಟಿ ಉಳಿದಿದೆ ಕಣ್ರೀ."

"ಹಾಗಾದ್ರೆ... ಕೊಳ್ಳೋ ವಿಷಯ?"

"ಇಂಥ ಪ್ರಬಲ ಪ್ರತಿಸ್ಪರ್ಧೀನ ಇವರಿಗೆ ಮಾರೋಕೆ ನಾನು ಬಿಡ್ತೀನಾ? ಮುಳುಗೋ ಕಂಪನಿ ಆಗಿದ್ರೆ ಅನುಮತಿ ಕೊಡ್ತಿದ್ದೆ. ನೀವು ನೋಡಿದ್ರೆ ಈಜುಕೊಳದ ಚಾಂಪಿಯನ್!"

ಅವನು ಅರಚಿದ: "ಮೇಡಂ, ನಾನು ಮುಳುಗ್ತಾನೇ ಇದ್ದೀನಿ! ಇವರು ಮೇಷ್ಟ್ರು! ಇವನು ಟೈಲರು! ಒಳಗಿರೋದು ಹೊಲಿಗೆ ಮಿಷಿನ್ನು, ಬೇಕಾದ್ರೆ ನೋಡಿ!" ಎಂದವನೇ ಒಳಗಿನ ಬಾಗಿಲನ್ನು ಧಡಾರನೆ ತೆರೆದ.

"ಭಾವ, ಇದೆಲ್ಲ ಚೌಕಾಸಿ, ಗಟ್ಟಿಯಾಗಿ ನಿಲ್ಲಿ," ಎಂದು ಕಿವಿಯಲ್ಲಿ ಉಸುರಿದ ಹೆಂಡತಿಯ ತಮ್ಮ, ಅಧಿಕಾರಿಯ ಕಡೆ ತಿರುಗಿದ. "ಆಟದ ಜೊತೆ ಮಾರೋಕೆ ಬಸವನಹುಳು ಗೊಂಬೆ ಹೊಲಿಸ್ತಿದ್ದೀವಿ ಮೇಡಂ."

ಟೈಲರ್ ಮಿಂಚಿನಂತೆ ಮುಂದೆ ಬಂದು, ಅರ್ಧ ಹೊಲಿದ ಕಂದು ಪ್ಯಾಂಟಿನ ಕಾಲೊಂದನ್ನು ಸುರುಳಿ ಸುತ್ತಿ ಎತ್ತಿ ಹಿಡಿದ. ನಿಜ ಹೇಳಬೇಕೆಂದರೆ, ಹೋಲಿಕೆ ಚೆನ್ನಾಗಿಯೇ ಇತ್ತು.

"ಗೊಂಬೆ ವಿಭಾಗವೂ ಇದೆಯಾ!" ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟಿದ್ರೂ ಏನೂ ಇಲ್ಲ ಅಂತೀರಲ್ಲ. ದೊಡ್ಡವರ ಮುಂದೆ ಬಲ ಬಚ್ಚಿಡೋ ನಿಮ್ಮ ಜಾಣತನ ನಂಗೆ ಅರ್ಥ ಆಗುತ್ತೆ."

ಅಧಿಕಾರಿ ಮೆಟ್ಟಿಲಿಳಿದರು. ಹಿಂದೆ ಉಳಿದ ಪ್ರತಿನಿಧಿಯ ತೋಳನ್ನು ಅವನು ಮೆಟ್ಟಿಲ ತಿರುವಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. "ಸಾರ್, ಬೆಳಿಗ್ಗೆ ನೀವೇ ಬರೆದಿದ್ರಿ!"

"ಕೊಳ್ಳೋಕೇ ಬಂದಿದ್ದೆ ಕಣ್ರೀ, ಸುಳ್ಳಲ್ಲ. ನಿಮ್ಮ ಗತಿ ತೋರಿಸಿ ಅನುಮತಿ ಕೇಳೋಣ ಅಂತಿದ್ದೆ. ಬಂದು ನೋಡಿದ್ರೆ ಈ ಸಂತೆ! ಆ ಮನುಷ್ಯನ ಕೊರಳಲ್ಲಿ ಅಳತೆ ಟೇಪು ನೇತಾಡ್ತಿದೆ, ನಾನೇನು ಕುರುಡನಾ?" ಪ್ರತಿನಿಧಿ ಪ್ರೀತಿಯಿಂದ ಅವನ ಬೆನ್ನು ತಟ್ಟಿದ. "ನಮ್ಮ ನಂತರದ ದೊಡ್ಡ ಕಂಪನಿ ಒಂದಿದೆಯಲ್ಲ, ಅದನ್ನ ನುಂಗೋಕೆ ಮೇಡಂ ಬಿಡ್ತಾನೇ ಇರ್ಲಿಲ್ಲ. ಅದೂ ಹೋದ್ರೆ ಮಾರುಕಟ್ಟೇಲಿ ಎದುರಾಳಿ ಯಾರ್ರೀ ಉಳೀತಾರೆ ಅನ್ನೋರು. ಈಗ ನೀವಿದ್ದೀರಲ್ಲ!"

"ಹಾಗಾದ್ರೆ ನನ್ನ ಆಟನಾದ್ರೂ ಅಂಗಡಿಯ ಮೊದಲ ಪುಟಕ್ಕೆ ಹಾಕಿ ಸಾರ್."

"ಛೆ ಛೆ! ಎದುರಾಳಿ ಜೊತೆ ಒಳಒಪ್ಪಂದನಾ? ಮೇಡಂ ದಂಡ ಹಾಕ್ತಾರೆ. ಒಂದೇ ಒಂದು ವಿನಂತಿ, ಬಾಗಿಲು ಮಾತ್ರ ಮುಚ್ಬೇಡಿ. ಆಗಾಗ ಬಂದು ನಿಮ್ಮನ್ನ ನೋಡ್ಕೊಂಡು ಹೋಗ್ತಾರಂತೆ."

ಅವನು ಮೇಲೆ ಬರುವಷ್ಟರಲ್ಲಿ ಹೆಂಡತಿಯ ಫೋನು.

"ರೀ, ಕೊಂಡ್ಕೊಳ್ತಾರಂತಾ?"

"ಕೊಂಡ್ಕೊಳ್ತಾರಂತೆ."

"ಅಬ್ಬ! ನನ್ನ ಜೀವ ಈಗ..."

"ಬೇರೆಯವರನ್ನ."

ಆ ಕಡೆ ಯಾವುದೋ ರೋಗಿಯ ಗಾಲಿಮಂಚ ಕಿರುಗುಟ್ಟುತ್ತ ದಾಟಿ ಹೋದದ್ದು ಕೇಳಿಸಿತು.

"ನಿಮ್ಮನ್ನ ಯಾಕೆ ಬಿಟ್ರು?"

"ನನ್ನ ಕಂಡ್ರೆ ಭಯವಂತೆ," ಎಂದ ಅವನು.

ಈ ಮಾತು ಕೋಣೆಯವರ ಕಿವಿಗೆ ಬಿದ್ದದ್ದೇ ಚಪ್ಪಾಳೆಯೋ ಚಪ್ಪಾಳೆ. ಕಾಜಾ ಹಾಕುವ ಹೆಂಗಸು ಎದ್ದು ನಿಂತು ತಟ್ಟಿದಳು. ಟೈಲರ್ ಕಣ್ಣೊರೆಸಿಕೊಂಡು, "ನಾಳೆ ಎಷ್ಟು ಗಂಟೆಗೆ ಬರೋದು ಸಾರ್?" ಎಂದು ಮೇಷ್ಟ್ರನ್ನು ಕೇಳಿದ.

"ಒಂಬತ್ತಕ್ಕೆ," ಎಂದರು ಮೇಷ್ಟ್ರು, ಕೋಟಿನ ಗುಂಡಿ ಹಾಕಿಕೊಳ್ಳುತ್ತ. ಆಮೇಲೆ ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. "ನೀನೂ ಅಷ್ಟೇ ಕಣಯ್ಯ, ತಡ ಮಾಡ್ಬೇಡ."