ದೀಪ ಕಂಡು ಬಂದವರು

ಎಲ್ಲ ಶುರುವಾದದ್ದು ಒಂದು ಟಾಯ್ಲೆಟ್ಟಿನಿಂದ.

ಊರಾಚೆಯ ಪಾರ್ಕಿನಲ್ಲಿ, ಕಡಲು ದಾಟಿ ಬಂದ ಮೊದಲ ವಲಸೆಗಾರರು ಕಟ್ಟಿದ ಒಂಬತ್ತು ಕಟ್ಟಡಗಳಿದ್ದವು. ಚರ್ಚು, ಒಂದೇ ಕೋಣೆಯ ಶಾಲೆ, ಕುಲುಮೆ, ದಿನಸಿ ಅಂಗಡಿ ಎಲ್ಲವನ್ನೂ ಸುತ್ತಲಿನ ಹೊಲಗಳಿಂದ ಇಡಿಯಾಗಿ ಕಿತ್ತು, ಲಾರಿ ಮೇಲೆ ತಂದು ಸಾಲಾಗಿ ನಿಲ್ಲಿಸಿದ್ದರು. ನೋಡಲು ಬಂದವರಿಗೆ ಅವಸರವಾದರೆ ಮಾತ್ರ ಜೋಳದ ಹೊಲವೇ ಗತಿ. ಕೊನೆಗೂ ಟಾಯ್ಲೆಟ್ಟಿಗೆ ಮಂಜೂರಾತಿ ಬಂತು, ಜಾಗ ಇರಲಿಲ್ಲ. ಒಂದು ಕಟ್ಟಡ ಹೋಗಲೇಬೇಕು.

ಯಾವುದು ಹೋಗಬೇಕೆಂದು ಸಮಿತಿ ಮೂರು ತಿಂಗಳು ಜಗಳವಾಡಿತು. ಕಡೆಗೆ ಅಧ್ಯಕ್ಷೆ ಬೊರ್ಗಿಲ್ಡ್ ಟೀಚರ್ ತೀರ್ಪು ಕೊಟ್ಟರು. ಅಕ್ಟೋಬರಿನ ಕೊನೆಯ ಶನಿವಾರ, ಚಳಿಗಾಲಕ್ಕೆ ಗೇಟು ಮುಚ್ಚುವ ದಿನ, ಪ್ರತಿ ಕಟ್ಟಡದಲ್ಲೂ ಒಂದು ಪುಸ್ತಕ. ಬಂದವರು ಸಹಿ ಹಾಕಬೇಕು. ಎಲ್ಲಕ್ಕಿಂತ ಕಡಿಮೆ ಸಹಿ ಬಿದ್ದ ಕಟ್ಟಡ ಸೌದೆ.

ಆ ಬೆಳಿಗ್ಗೆ ಹಾಲ್ವರ್ ವೃದ್ಧಾಶ್ರಮದಲ್ಲಿದ್ದ ಅಮ್ಮನಿಗೆ ಫೋನು ಮಾಡಿದ. ಸಾಲಿನ ಕೊನೆಯಲ್ಲಿದ್ದ, ಅವನು ನೋಡಿಕೊಳ್ಳುತ್ತಿದ್ದ ಮರದ ದಿಮ್ಮಿ ಮನೆ ಅವನ ಮುತ್ತಜ್ಜ ಕಟ್ಟಿದ್ದು. ಅಮ್ಮ ಹುಟ್ಟಿದ್ದೂ ಅದರಲ್ಲೇ.

"ಯಾರೂ ಬರದಿದ್ರೆ ಏನಮ್ಮಾ ಮಾಡ್ಲಿ?"

"ನಿನ್ನ ಮುತ್ತಜ್ಜ ಹಿಮಗಾಳಿ ಎದ್ದಾಗ ಏನ್ ಮಾಡ್ತಿದ್ದ? ಕಿಟಕೀಲಿ ಲಾಟೀನು ಇಟ್ಟು, ಬಾಗಿಲಲ್ಲಿ ನಿಂತು ಬಕೆಟ್ ಬಡೀತಿದ್ದ. ದಾರಿ ತಪ್ಪಿದೋರು ಸದ್ದು ಹಿಡಿದು ಬರ್ತಿದ್ರು."

"ಬರ್ತಿದ್ರಾ?"

"ಆ ದೊಡ್ಡ ಹಿಮಗಾಳೀಲಿ ಮಾತ್ರ ಎರಡು ದಿನ ಬಡಿದ. ಒಬ್ರೂ ಬರ್ಲಿಲ್ಲ. ಸಾಯೋವರೆಗೂ ಅದೇ ಕೊರಗು. ಅದಿರ್ಲಿ, ನೀನು ಬಡಿ. ಆ ಮನೆ ಹೋಯ್ತೋ, ನಂಗೆ ನಿನ್ನ ಮುಖ ತೋರಿಸ್ಬೇಡ."

ಹಾಲ್ವರ್ ಐವತ್ತು ದಾಟಿದ ಮನುಷ್ಯ. ಆದರೂ ತೊಂಬತ್ತೊಂದರ ಅಮ್ಮನ ದನಿ ಏರಿದರೆ ಈಗಲೂ ಅಂಗಿಯ ಗುಂಡಿ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಪಾರ್ಕಿಗೆ ಬಂದರೆ ಬೊರ್ಗಿಲ್ಡ್ ಟೀಚರ್ ಗೇಟಿನಲ್ಲೇ ಕೈಚಾಚಿ ನಿಂತಿದ್ದರು. "ಫೋನು ಕೊಡು. ವಾಚೂ ಬಿಚ್ಚು. ಮನೆಯೊಳಗೆ ಕೂತ್ಮೇಲೆ ನೀನು ಮುತ್ತಜ್ಜನ ಕಾಲದವನು. ಇವತ್ತಿನ ಕಾಲದ ಒಂದು ಮಾತು ಬಾಯಿಂದ ಬಂತೋ, ಹತ್ತು ಸಹಿ ಕಟ್."

"ಬಂದವರು ಏನಾದ್ರೂ ಕೇಳಿದ್ರೆ ಟೀಚರ್?"

"ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಯಾಕೆ ಏನು ಅಂತ ತಿರುಗಿ ಕೇಳಿದ್ಯೋ, ಅದಕ್ಕೂ ಹತ್ತು ಸಹಿ ಕಟ್."

ದಿನಸಿ ಅಂಗಡಿಯ ಮುಂದೆ ಅದರ ಉಸ್ತುವಾರಿಯ ಮೆಲ್ವಿನ್ ಆಗಲೇ ಬಾಣಲೆ ಇಟ್ಟು ಡೋನಟ್ ಕರಿಯುತ್ತಿದ್ದ. ಪುಕ್ಕಟೆ. ಬಂದವರೆಲ್ಲ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಅಲ್ಲೇ ಮುತ್ತಿದರು.

"ಏನಯ್ಯಾ ಹಾಲ್ವರ್, ಸೌದೆ ಒಡೆಯೋಕೆ ಕೊಡಲಿ ತಂದ್ಯಾ? ಇಲ್ಲ ನಂದೇ ಕೊಡ್ಲಾ?" ಎಂದು ಕೂಗಿದ.

ಮಧ್ಯಾಹ್ನದವರೆಗೆ ದಿಮ್ಮಿ ಮನೆಗೆ ಬಂದದ್ದು ಒಂದು ಬೆಕ್ಕು. ಅದೂ ಬಾಗಿಲವರೆಗೆ ಬಂದು, ಒಳಗೆ ನೋಡಿ, ಬೆನ್ನು ಬಿಲ್ಲಿನಂತೆ ಬಾಗಿಸಿ ಓಡಿಹೋಯಿತು. ಹಾಲ್ವರ್ ಒಲೆ ಹೊತ್ತಿಸಿ ಕಾಫಿ ಕಾಯಿಸಿದ, ತಾನೇ ಕುಡಿದ, ಮತ್ತೆ ಕಾಯಿಸಿದ.

ಒಂದು ಗಂಟೆಯ ಹೊತ್ತಿಗೆ ಮಂಜು ಬಂತು. ಮಗುವನ್ನು ಮಲಗಿಸಿ ಕಾಲ್ತುದಿಯಲ್ಲಿ ಹೊರಬರುವ ತಾಯಿಯಂತೆ ಸದ್ದಿಲ್ಲದೆ ಬಂದು, ಮೊದಲು ಚರ್ಚಿನ ಗೋಪುರ, ಆಮೇಲೆ ಶಾಲೆ, ಕೊನೆಗೆ ಎದುರಿನ ಬೇಲಿಯನ್ನೂ ಒರೆಸಿ ಹಾಕಿತು. ಡೋನಟ್ಟಿನ ವಾಸನೆಯೂ ನಿಂತಿತು.

ಹಾಲ್ವರನಿಗೆ ಅಳು ಬರುವುದೊಂದು ಬಾಕಿ. ಲಾಟೀನು ಹೊತ್ತಿಸಿ ಕಿಟಕಿಯಲ್ಲಿಟ್ಟ. ತಗಡಿನ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತು, ಸೌಟಿನಿಂದ ಬಡಿಯತೊಡಗಿದ. ಡಣ್. ಡಣ್. ಡಣ್.

ಕಾಲು ಗಂಟೆ ಬಡಿದಿರಬೇಕು. ಮಂಜಿನೊಳಗಿಂದ ಒಬ್ಬ ಮುದುಕ ಹೊರಬಂದ. ಗಡ್ಡ ಪೂರ್ತಿ ಹೆಪ್ಪುಗಟ್ಟಿತ್ತು. ಹುಬ್ಬಿನ ಮೇಲೂ ಹಿಮ. ಹೊರಗೆ ಹಿಮವೇ ಬಿದ್ದಿರಲಿಲ್ಲ. ಸಮಿತಿಯವರು ವೇಷ ಹಾಕಿಸಿ ಕಳಿಸಿರಬೇಕು, ಹಿಟ್ಟು ಎಷ್ಟು ಚೆನ್ನಾಗಿ ಬಳಿದಿದ್ದಾರೆ ಎಂದು ಹಾಲ್ವರ್ ಮೆಚ್ಚಿಕೊಂಡ.

"ದೀಪ ಕಂಡು ಬಂದೆ," ಅಂದ ಮುದುಕ.

"ಬನ್ನಿ ಯಜಮಾನ್ರೇ, ಒಲೆ ಹತ್ರ ಕೂತ್ಕೊಳಿ. ಕಾಫಿ ಕುಡೀರಿ. ಅದಕ್ಕೂ ಮೊದಲು ಇಲ್ಲೊಂದು ಸಹಿ."

ಮುದುಕ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಉಳುಮೆ ಮಾಡುವವನಂತೆ ಒತ್ತಿ ಬರೆದ: ನಿಲ್ಸ್ ಬ್ರಾಟನ್. ಅವನ ಹಿಂದೆಯೇ ಗಂಡ ಹೆಂಡತಿ. ಅವರ ಹಿಂದೆ ಮೂವರು ಅಣ್ಣತಮ್ಮಂದಿರು, ಹಾಲು ಕರೆಯುವ ಕೊಳಗದ ಸಮೇತ. ಹಾಲ್ವರ್ ಹಿಗ್ಗಿ ಇನ್ನೂ ಜೋರಾಗಿ ಬಡಿದ. ಒಬ್ಬಳು ಹುಡುಗಿ ಬಂದಳು, ಶಾಲೆಯ ಮೇಡಂ ಇರಬೇಕು, ಇಪ್ಪತ್ತು ದಾಟಿರಲಿಲ್ಲ. ಹಿಂದೆ ಏಳು ಮಕ್ಕಳು, ಎಲ್ಲರೂ ಒಂದೇ ಹಗ್ಗ ಹಿಡಿದಿದ್ದರು. ಒಂದು ಮಗುವೂ ಗಲಾಟೆ ಮಾಡಲಿಲ್ಲ. ಮೂರು ಮಕ್ಕಳನ್ನು ಬೆಳೆಸಿದ ಹಾಲ್ವರನಿಗೆ ಎದೆ ಝಲ್ಲೆಂದದ್ದು ಆಗಲೇ.

"ಬಕೆಟ್ ಸದ್ದು ಆಗಿಂದ್ಲೂ ಕೇಳಿಸ್ತಿತ್ತು," ಅಂದಳು ಹುಡುಗಿ. "ಯಾವ ಕಡೆಯಿಂದ ಅಂತ ಗೊತ್ತಾಗ್ಲಿಲ್ಲ. ತುಂಬಾ ಹೊತ್ತು ನಡೆದ್ವಿ."

ಎಲ್ಲಿಂದ ಬಂದಿರಿ ಎಂದು ಕೇಳಲು ಬಾಯಿ ತೆರೆದ. ಹತ್ತು ಸಹಿ ನೆನಪಾಗಿ ಬಾಯಿ ಮುಚ್ಚಿದ. ಎಲ್ಲರಿಗೂ ಕಾಫಿ ಬಗ್ಗಿಸಿಕೊಟ್ಟ.

ಮೂರು ಗಂಟೆಗೆ ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಅಷ್ಟು ಜನ ಸೇರಿದರೂ ಸೆಖೆಯಾಗುವ ಬದಲು ಚಳಿ ಏರುತ್ತಿತ್ತು. ಹಾಲ್ವರ್ ಸೌದೆ ತುಂಬಿದಷ್ಟೂ ಒಲೆ ತಣ್ಣಗಾಯಿತು. ಅವರೆಲ್ಲ ಒಲೆಯ ಕಡೆ ಕೈಚಾಚಿ ಮಾತಿಲ್ಲದೆ ನಿಂತಿದ್ದರು. ಒಬ್ಬರ ಬಾಯಿಂದಲೂ ಉಸಿರಿನ ಆವಿ ಬರುತ್ತಿರಲಿಲ್ಲ. ಹಾಲ್ವರನ ಬಾಯಿಂದ ಮಾತ್ರ ಕುಕ್ಕರಿನಿಂದ ಬಂದಂತೆ ಬರುತ್ತಿತ್ತು. ಅವನು ಕಣ್ಣನ್ನು ಪುಸ್ತಕದ ಮೇಲೇ ನೆಟ್ಟು ಸಹಿ ಎಣಿಸುತ್ತ ಕೂತ.

ನಾಲ್ಕಕ್ಕೆ ಚರ್ಚಿನ ಗಂಟೆ ಹೊಡೆಯಿತು. ತಲೆಯೆತ್ತಿದರೆ ಮನೆ ಖಾಲಿ. ಮೇಜಿನ ಮೇಲೆ ಸಾಲು ಲೋಟಗಳು, ಒಂದರಲ್ಲೂ ಕಾಫಿ ಇಳಿದಿರಲಿಲ್ಲ. ಪ್ರತಿ ಲೋಟದ ಮೇಲೂ ತೆಳ್ಳಗೆ ಮಂಜುಗಡ್ಡೆ.

ಟೀಚರೂ ಮೆಲ್ವಿನ್ನನೂ ಪುಸ್ತಕಗಳ ಕಟ್ಟು ಹೊತ್ತು ಬಂದರು. ಮೆಲ್ವಿನ್ನನ ಮುಖ ಸಪ್ಪಗಿತ್ತು. ಡೋನಟ್ ತಿಂದ ಜನ ಜಿಡ್ಡು ಕೈಯಲ್ಲಿ ಪೆನ್ನು ಹಿಡಿಯದೆ ಹೋಗಿಬಿಟ್ಟಿದ್ದರು. ಅಂಗಡಿಗೆ ಬಿದ್ದದ್ದು ಇಪ್ಪತ್ತೊಂಬತ್ತೇ ಸಹಿ. ಉಳಿದ ಕಟ್ಟಡಗಳಿಗೆಲ್ಲ ಐವತ್ತರ ಮೇಲೆ.

ಹಾಲ್ವರ್ ಪುಸ್ತಕ ಒಪ್ಪಿಸಿದ. "ಮೂವತ್ತೊಂದು, ಟೀಚರ್."

"ಭೇಷ್!" ಎಂದು ಟೀಚರ್ ಓದತೊಡಗಿದರು. "ನಿಲ್ಸ್ ಬ್ರಾಟನ್, ತೂರಾ ಬ್ರಾಟನ್, ಓಲೆ ಬ್ರಾಟನ್..."

ಮೆಲ್ವಿನ್ ಕಣ್ಣು ಮುಚ್ಚಿ ಮುಂದಿನದನ್ನು ತಾನೇ ಹೇಳಿದ. "ಆಂಡರ್ಸ್ ಮೋಯೆನ್, ಪೆಡರ್ ಮೋಯೆನ್, ಐವರ್ ಮೋಯೆನ್, ಸೊಲ್ವೇಗ್ ರೂಡ್ ಮೇಡಂ, ಆಮೇಲೆ ಏಳು ಮಕ್ಕಳು."

ಟೀಚರ್ ಪುಸ್ತಕ ನೋಡಿದರು, ಅವನನ್ನು ನೋಡಿದರು. "ನಿಂಗೆ ಹೇಗೆ ಗೊತ್ತು?"

"ಚರ್ಚಿನ ಹಿಂದಿನ ಕಲ್ಲನ್ನ ಪ್ರತಿ ವರ್ಷ ಉಜ್ಜಿ ತೊಳೆಯೋನು ನಾನೇ ಅಲ್ವಾ ಟೀಚರ್? ದೊಡ್ಡ ಹಿಮಗಾಳೀಲಿ ಮನೆ ಸೇರದೆ ಸತ್ತೋರ ಹೆಸರು. ಒಟ್ಟು ಮೂವತ್ತೊಂದು. ಈ ಮಹಾರಾಯ ಅದನ್ನ ಸಾಲು ಬಿಡದೆ ಕಾಪಿ ಹೊಡೆದಿದಾನೆ!"

ಹಾಲ್ವರ್ ಮೇಜಿನ ಮೇಲಿನ ಲೋಟಗಳ ಕಡೆ ತಿರುಗಿ ನೋಡಿದ. ಆ ಕಲ್ಲಿನ ಮುಂದೆ ಸಾವಿರ ಸಲ ಹಾದುಹೋಗಿದ್ದ, ಒಂದು ಸಲವೂ ಓದಿರಲಿಲ್ಲ.

"ಟೀಚರ್, ಆಣೆ ಮಾಡಿ ಹೇಳ್ತೀನಿ, ಅವರೇ ಬಂದಿದ್ರು!"

"ಹಾಲ್ವರ್," ಅಂದರು ಟೀಚರ್, ಮೂರನೇ ಕ್ಲಾಸಿನಲ್ಲಿ ಅನ್ನುತ್ತಿದ್ದ ಹಾಗೆಯೇ. "ಕಳ್ಳ ಸಹಿ ಹಾಕೋದಾದ್ರೆ ಬದುಕಿರೋರದ್ದಾದ್ರೂ ಹಾಕ್ಬಾರ್ದಿತ್ತಾ? ಮಕ್ಕಳ ಹೆಸರನ್ನೂ ಬಿಡ್ಲಿಲ್ವಲ್ಲೋ! ನಿನ್ನ ಲೆಕ್ಕ ಸೊನ್ನೆ."

ಮನೆಗೆ ಹೋಗಿ ಅಮ್ಮನಿಗೆ ಫೋನಿನಲ್ಲಿ ನಡೆದದ್ದೆಲ್ಲ ಹೇಳಿದ.

"ಆ ಏಳು ಮಕ್ಕಳೂ ಬಂದ್ರಾ?"

"ಬಂದ್ರು."

"ಕಾಫಿ ಕೊಟ್ಯಾ?"

"ಕೊಟ್ಟೆ ಅಮ್ಮಾ."

ಅಮ್ಮ ಮೂಗು ಸೀಟಿದ್ದು ಕೇಳಿಸಿತು. ಆಮೇಲೆ ಫೋನಿಟ್ಟಳು. ಮುಖ ತೋರಿಸು ಎಂದು ಮಾತ್ರ ಹೇಳಲಿಲ್ಲ.

ವಸಂತದಲ್ಲಿ ದಿಮ್ಮಿ ಮನೆಯಿದ್ದಲ್ಲೇ ಟಾಯ್ಲೆಟ್ಟು ಎದ್ದಿತು. ಬಿಳಿ ಟೈಲ್ಸು, ಬಿಸಿನೀರು, ಕೈ ಒಣಗಿಸುವ ಬಿಸಿಗಾಳಿಯ ಯಂತ್ರ. ಮೊದಲ ವಾರವೇ ಒಳಗೆ ಹೋದವರು ಹೋದಷ್ಟೇ ಬೇಗ ಹೊರಗೆ ಬಂದರು, ಬಂದ ಕೆಲಸ ಮುಗಿಸದೆಯೇ. ಯಾರೂ ಮುಟ್ಟದಿದ್ದರೂ ಆ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಭರ್ರೆಂದು ಓಡುತ್ತಲೇ ಇರುತ್ತಿತ್ತು. ಅದರ ಮುಂದೆ ಕೈಚಾಚಿದರೆ, ಪಕ್ಕದಲ್ಲಿ ಇನ್ನಾರದೋ ತಣ್ಣನೆಯ ಕೈ ತಾಗುತ್ತಿತ್ತು.

ಬೊರ್ಗಿಲ್ಡ್ ಟೀಚರೂ ಒಮ್ಮೆ ಹೋಗಿಬಂದರು. ಅಲ್ಲಿಂದ ನೇರ ಹಾಲ್ವರನ ಮನೆಗೇ ಬಂದರು. ತಪ್ಪಾಯಿತು ಎನ್ನಲಿಲ್ಲ. "ಅವರಿಗೆ ನಿನ್ನ ಗುರುತಿದೆ, ಬಾಗಿಲಲ್ಲಿ ನೀನೇ ಕೂತ್ಕೋ," ಎಂದಷ್ಟೇ ಹೇಳಿ, ಆ ಪುಸ್ತಕವನ್ನು ಅವನ ಕೈಗಿಟ್ಟರು.

ಈಗ ಪ್ರತಿ ಶನಿವಾರ ಹಾಲ್ವರ್ ಮುತ್ತಜ್ಜನ ಅಂಗಿ ತೊಟ್ಟು, ಲಾಟೀನು ಹಚ್ಚಿಟ್ಟುಕೊಂಡು, ಟಾಯ್ಲೆಟ್ಟಿನ ಬಾಗಿಲಲ್ಲಿ ಸ್ಟೂಲು ಹಾಕಿ ಕೂರುತ್ತಾನೆ. ದೂರದ ಊರಿನವರು ಅವಸರದಲ್ಲಿ ಓಡಿಬಂದು, "ಒಳಗೆ ಯಾರಾದ್ರೂ ಇದಾರಾ?" ಎಂದು ಕೇಳುತ್ತಾರೆ.

ಹಾಲ್ವರನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಮೂವತ್ತೊಂದು ಜನ ಇದಾರೆ," ಅನ್ನುತ್ತಾನೆ.